ಬಿಲ್ಲಿಂಗ್ ಕಂಪ್ಯೂಟರ್ ನಿಧಾನ ಆಯ್ತಾ? ರ‍್ಯಾಮ್ ಹಾಕಿಸೋ ಮುಂಚೆ ಇದನ್ನ ಓದಿ

ಸಂಜೆ ಗಿರಾಕಿಗಳು ಸಾಲಾಗಿ ನಿಂತಾಗಲೇ ಬಿಲ್ ಸ್ಕ್ರೀನ್ ಸುತ್ತೋಕೆ ಶುರು. ಕೂಡಲೇ ರ‍್ಯಾಮ್ ಹಾಕಿಸ್ತೀವಿ. ಆದರೆ ಅನೇಕ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಲೆಕ್ಕ ಇಡೋದು ಮೈಕ್ರೋಸಾಫ್ಟ್‌ನ ಉಚಿತ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್‌ನಲ್ಲಿ. ಅದು ಡೇಟಾಗೆ ಬಳಸುವ ಮೆಮೊರಿ ಸುಮಾರು 1.4 ಜಿಬಿ ಮಾತ್ರ; ನೀವು 16 ಜಿಬಿ ಹಾಕಿಸಿದರೂ ಅಷ್ಟೇ. 2022ರ ಆವೃತ್ತಿವರೆಗೂ ಒಂದು ಡೇಟಾಬೇಸ್‌ಗೆ ಮಿತಿ 10 ಜಿಬಿ. ತುಂಬಿದ ದಿನ ಹೊಸ ಬಿಲ್ ಸೇವ್ ಆಗಲ್ಲ. ಎಂಡಿಎಫ್ ಫೈಲ್ ಎಷ್ಟು ಜಿಬಿ ಇದೆ ಅಂತ ಇವತ್ತೇ ನೋಡಿಸಿ. 2025ರ ಆವೃತ್ತಿಯಲ್ಲಿ ಈ ಮಿತಿ 50 ಜಿಬಿ.

ಎಷ್ಟೋ ಸಲ ತೊಂದರೆ ಇರೋದು ಇಂಡೆಕ್ಸ್‌ನಲ್ಲಿ. ಉದ್ರಿ ಪುಸ್ತಕದಲ್ಲಿ ಹೆಸರಿನ ಪಟ್ಟಿ ಇಲ್ಲದಿದ್ದರೆ ಒಬ್ಬರ ಬಾಕಿಗೆ ಎಲ್ಲಾ ಪುಟ ತಿರುವಬೇಕಲ್ಲ, ಹಾಗೇ. ಇದನ್ನ ಸಾಫ್ಟ್‌ವೇರ್‌ನವರೇ ಸರಿಮಾಡಬೇಕು.

2014ರ ಆವೃತ್ತಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2024ರ ಜುಲೈ 9ಕ್ಕೇ ಮುಗಿದಿದೆ. ಹಾಗಂತ ಸಂತೆ ದಿನ ಅಪ್‌ಗ್ರೇಡ್‌ಗೆ ಕೈಹಾಕಬೇಡಿ. ಹೊಸ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ ಹಳೆಯದರಲ್ಲಿ ತೆರೆಯುವುದೇ ಇಲ್ಲ. ಮೊದಲೇ ಬ್ಯಾಕಪ್ ತೆಗೆದಿರದಿದ್ದರೆ ವಾಪಸ್ ಬರೋ ದಾರಿ ಮುಚ್ಚಿದಂತೆ. ಪೆನ್‌ಡ್ರೈವ್‌ಗೆ ಹಾಕಿಟ್ಟರೆ ಸಾಲದು. ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆಸಿ, ನಿನ್ನೆಯ ಕೊನೇ ಬಿಲ್ ಕಾಣುತ್ತಾ ನೋಡಿ. ಅಂದಹಾಗೆ, ಎಕ್ಸ್‌ಪ್ರೆಸ್‌ನಲ್ಲಿ ದಿನಾ ತಾನಾಗೇ ಬ್ಯಾಕಪ್ ತೆಗೆಯೋ ಏಜೆಂಟ್ ಇಲ್ಲ. ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿಸಿಕೊಳ್ಳಿ.