ಕಾಲಿನ ಉಗುರು ಮಾಂಸಕ್ಕೆ ಚುಚ್ಚುತ್ತಿದೆಯೇ? ಆಪರೇಷನ್ ಇಲ್ಲದೆ ಗುಣವಾಗುವ ದಾರಿಗಳಿವು. ಯಾವುದು ಯಾರಿಗೆ ಸೂಕ್ತ?

ಪುಣೆ: ಮಳೆಗಾಲ ಶುರುವಾಯಿತೆಂದರೆ ಪುಣೆಯಲ್ಲಿ ಕಾಲಿಗೆ ಬಿಡುವಿಲ್ಲ. ಹಿಂಜವಡಿಯ ಕಡೆಗೆ ಬೈಕ್‌ನಲ್ಲಿ ಹೋಗುವ ಐಟಿ ಉದ್ಯೋಗಿಯ ಶೂ ಬೆಳಿಗ್ಗೆ ಒದ್ದೆಯಾದರೆ ಸಂಜೆಯವರೆಗೂ ಒಣಗುವುದಿಲ್ಲ. ವಾರಾಂತ್ಯಕ್ಕೆ ಸಿಂಹಗಡ ಹತ್ತುವವರ ಬೆರಳು ಇಳಿಯುವಾಗ ಶೂ ತುದಿಗೆ ಒತ್ತುತ್ತಲೇ ಇರುತ್ತದೆ. ಇದೇ ಹೊತ್ತಿಗೆ ಆಳಂದಿ ಮತ್ತು ದೇಹುವಿನಿಂದ ಹೊರಡುವ ಪಾಲಖಿಗಳ ಜೊತೆ ವಾರಕರಿಗಳು ಪುಣೆ ದಾಟಿ, ಸುಮಾರು 3 ವಾರ ನಡೆದು ಪಂಢರಪುರ ಸೇರುತ್ತಾರೆ. ಒದ್ದೆ ಕಾಲು, ಬಿಗಿ ಶೂ, ದೀರ್ಘ ನಡಿಗೆ ಈ ಮೂರೂ ಸೇರಿದಾಗ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಒಂದು ಕಾಲಿನ ಹೆಬ್ಬೆರಳಿನ ಉಗುರು ಪಕ್ಕದ ಮಾಂಸದೊಳಕ್ಕೆ ಬೆಳೆಯುವುದು.

ಮೊದಲು ಸಾಕ್ಸ್ ಹಾಕುವಾಗ ಸಣ್ಣಗೆ ನೋವು. ಆಮೇಲೆ ಹೊದಿಕೆ ತಗುಲಿದರೂ ಉರಿ. 'ಉಗುರು ಕೀಳಿಸಬೇಕಾಗುತ್ತೆ' ಎಂಬ ಹೆದರಿಕೆಯಿಂದ ಹಲವರು ಡಾಕ್ಟರ್ ಹತ್ತಿರ ಹೋಗುವುದನ್ನೇ ಮುಂದೂಡುತ್ತಾರೆ. ಆದರೆ ಆರಂಭದ ಹಂತದಲ್ಲಿ ಆಪರೇಷನ್ ಇಲ್ಲದೆಯೇ ಗುಣಪಡಿಸುವ ಹಲವು ವಿಧಾನಗಳಿವೆ. ಯಾವುದು ಹೇಗೆ ಕೆಲಸ ಮಾಡುತ್ತದೆ, ಯಾರಿಗೆ ಒಗ್ಗುತ್ತದೆ, ಯಾರು ಮನೆಯಲ್ಲಿ ಕೈ ಹಾಕಲೇಬಾರದು ಎಂಬುದರ ವಿವರ ಇಲ್ಲಿದೆ.

ಇದು ಉಗುರುಸುತ್ತೇ?

ನೋಡಲು ಹಾಗೆಯೇ ಕಂಡರೂ ಎರಡೂ ಒಂದೇ ಅಲ್ಲ. ಉಗುರುಸುತ್ತು ಎಂದರೆ ಉಗುರಿನ ಸುತ್ತಲಿನ ಚರ್ಮಕ್ಕೆ ಸೋಂಕು ತಗುಲಿ ಊದಿಕೊಳ್ಳುವುದು. ಇದು ಕೈಬೆರಳಿಗೂ ಬರುತ್ತದೆ. ಇಲ್ಲಿ ನಾವು ಹೇಳುತ್ತಿರುವ ಸಮಸ್ಯೆಯಲ್ಲಿ ಉಗುರಿನ ಅಂಚು ಅಥವಾ ಮೂಲೆಯಲ್ಲಿ ಉಳಿದ ಚೂಪಾದ ಚೂರು ಮುಳ್ಳಿನ ಹಾಗೆ ಪಕ್ಕದ ಚರ್ಮಕ್ಕೆ ಚುಚ್ಚುತ್ತದೆ. ಊತ ಬರುವುದು ಆಮೇಲೆ. ಊತ ಹೆಚ್ಚಾದಷ್ಟೂ ಚರ್ಮ ಉಗುರಿಗೆ ಇನ್ನಷ್ಟು ಒತ್ತುತ್ತದೆ, ಉಗುರು ಇನ್ನಷ್ಟು ಆಳಕ್ಕೆ ಹೋಗುತ್ತದೆ.

ಮುಖ್ಯ ಕಾರಣಗಳು: ಉಗುರಿನ ಮೂಲೆಗಳನ್ನು ದುಂಡಗೆ, ತೀರಾ ಆಳವಾಗಿ ಕತ್ತರಿಸುವುದು, ಮುಂಭಾಗ ಕಿರಿದಾದ ಶೂ, ಕಾಲು ಅತಿಯಾಗಿ ಬೆವರುವುದು, ಬೆರಳಿಗೆ ಪೆಟ್ಟು, ಹುಟ್ಟಿನಿಂದಲೇ ಬಾಗಿದ ಉಗುರು. ಹದಿಹರೆಯದವರು ಮತ್ತು ಯುವಕರಲ್ಲಿ ಇದು ಹೆಚ್ಚು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್‌ನಂಥ ಕೆಲವು ಔಷಧಗಳಿಂದಲೂ ಬರಬಹುದು.

ನಿಮ್ಮದು ಯಾವ ಹಂತ?

ವೈದ್ಯರು ಸಾಮಾನ್ಯವಾಗಿ ಇದನ್ನು 3 ಹಂತಗಳಾಗಿ ನೋಡುತ್ತಾರೆ.

ಮೊದಲ ಹಂತ: ಉಗುರಿನ ಪಕ್ಕ ಕೆಂಪಗಾಗಿ ಸ್ವಲ್ಪ ಊದಿರುತ್ತದೆ, ಒತ್ತಿದರೆ ನೋವು. ಕೀವು ಇರುವುದಿಲ್ಲ.

ಎರಡನೇ ಹಂತ: ನೋವು, ಊತ ಹೆಚ್ಚುತ್ತದೆ. ನೀರು ಅಥವಾ ಕೀವು ಸೋರುತ್ತದೆ.

ಮೂರನೇ ಹಂತ: ಉಗುರಿನ ಪಕ್ಕ ಮುಟ್ಟಿದರೆ ರಕ್ತ ಬರುವ ಕೆಂಪು ಮಾಂಸ ಬೆಳೆದಿರುತ್ತದೆ. ಪಕ್ಕದ ಚರ್ಮ ದಪ್ಪಗಾಗಿ ಉಗುರಿನ ಮೇಲೆ ಹತ್ತಿರುತ್ತದೆ.

ಮನೆಯಲ್ಲಿ ಮಾಡಿಕೊಳ್ಳುವ ಆರೈಕೆ ಮೊದಲ ಹಂತಕ್ಕೆ ಮಾತ್ರ. ಎರಡನೇ ಹಂತದಲ್ಲಿ ವೈದ್ಯರ ನೆರವಿನಿಂದ ಆಪರೇಷನ್ ತಪ್ಪಿಸಲು ಸಾಧ್ಯವಿದೆ. ಮೂರನೇ ಹಂತದಲ್ಲಿ ಬಹಳಷ್ಟು ಸಲ ಸಣ್ಣ ಆಪರೇಷನ್ನೇ ಬೇಗ ಮುಗಿಯುವ ದಾರಿ.

1. ಬೆಚ್ಚಗಿನ ನೀರು

ಎಲ್ಲಕ್ಕಿಂತ ಸುಲಭ, ಖರ್ಚಿಲ್ಲದ್ದು. ಬೆಚ್ಚಗಿನ ಸೋಪು ನೀರಿನಲ್ಲಿ ಪಾದವನ್ನು 10ರಿಂದ 20 ನಿಮಿಷ ಇಡುವುದು, ದಿನಕ್ಕೆ 2-3 ಸಲ. ಉಗುರು ಮೆತ್ತಗಾಗುತ್ತದೆ, ನೋವು ಇಳಿಯುತ್ತದೆ. ನಂತರ ಬೆರಳ ಸಂದಿಯೂ ಸೇರಿ ಪೂರ್ತಿ ಒರೆಸಿ ಒಣಗಿಸಬೇಕು. ಆದರೆ ಚುಚ್ಚುತ್ತಿರುವ ಅಂಚನ್ನು ನೀರು ಎತ್ತುವುದಿಲ್ಲ. ಹಾಗಾಗಿ ಇದು ಮುಂದಿನ ವಿಧಾನಗಳಿಗೆ ತಯಾರಿ ಎಂದುಕೊಳ್ಳುವುದೇ ಸರಿ.

2. ಹತ್ತಿ ಅಥವಾ ಹಲ್ಲಿನ ಫ್ಲಾಸ್

ಬೆಚ್ಚಗಿನ ನೀರಿನಲ್ಲಿಟ್ಟು ಉಗುರು ಮೆತ್ತಗಾದ ಮೇಲೆ, ಶುಭ್ರವಾದ ಹತ್ತಿಯ ತೆಳುವಾದ ಎಳೆಯನ್ನು ಅಥವಾ ಫ್ಲಾಸ್ ದಾರದ ತುಂಡನ್ನು ಉಗುರಿನ ಮೂಲೆಯ ಅಡಿಗೆ ಸೇರಿಸುತ್ತಾರೆ. ಉಗುರಿಗೂ ಮಾಂಸಕ್ಕೂ ನಡುವೆ ಸಣ್ಣ ಮೆತ್ತೆ ಇಟ್ಟಂತೆ. ಉಗುರು ಚರ್ಮದ ಮೇಲಿಂದ ಮುಂದಕ್ಕೆ ಬೆಳೆಯಲು ಜಾಗ ಸಿಗುತ್ತದೆ. ಒದ್ದೆಯಾದ ಹತ್ತಿ ಸೋಂಕಿಗೆ ದಾರಿಯಾಗಬಹುದು. ಆದ್ದರಿಂದ ದಿನವೂ ಬದಲಿಸಬೇಕು. ಉಗುರಿನ ಮೂಲೆ ಕಣ್ಣಿಗೆ ಕಾಣದಷ್ಟು ಆಳಕ್ಕೆ ಹೋಗಿದ್ದರೆ ಮನೆಯಲ್ಲಿ ಪ್ರಯತ್ನಿಸಬೇಡಿ.

3. ಟೇಪ್ ಹಾಕುವುದು

ಇಲ್ಲಿ ಉಗುರನ್ನು ಮುಟ್ಟುವುದೇ ಇಲ್ಲ, ಚರ್ಮವನ್ನು ದೂರ ಎಳೆಯುತ್ತಾರೆ. ಹಿಗ್ಗುವ ಮೆಡಿಕಲ್ ಟೇಪಿನ ಒಂದು ತುದಿಯನ್ನು ನೋಯುತ್ತಿರುವ ಪಕ್ಕದ ಮಾಂಸಕ್ಕೆ ಅಂಟಿಸಿ, ಉಗುರಿನಿಂದ ಆಚೆಗೆ ಎಳೆದು, ಬೆರಳಿನ ಕೆಳಗಿನಿಂದ ಓರೆಯಾಗಿ ಸುತ್ತಿ ತರುತ್ತಾರೆ. ಬೆರಳಿಗೆ ಬಿಗಿಯಾದ ಉಂಗುರದಂತೆ ಸುತ್ತಬಾರದು; ರಕ್ತ ಸಂಚಾರಕ್ಕೆ ತೊಂದರೆಯಾಗುತ್ತದೆ. ಬೆರಳ ತುದಿ ನೀಲಿಯಾದರೆ, ಜೋಮು ಹಿಡಿದರೆ ಕೂಡಲೇ ಬಿಚ್ಚಬೇಕು. ಅಗ್ಗದ, ನೋವಿಲ್ಲದ ವಿಧಾನವಿದು. ಆದರೆ ಬೆವರಿಗೂ ಮಳೆನೀರಿಗೂ ಟೇಪ್ ಕಿತ್ತುಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲಿ ಓಡಾಡುವವರು ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಬದಲಿಸಬೇಕಾಗಬಹುದು.

4. ಪ್ಲಾಸ್ಟಿಕ್ ನಳಿಕೆ (ಗಟರ್ ಸ್ಪ್ಲಿಂಟ್)

ಇದು ಕ್ಲಿನಿಕ್‌ನಲ್ಲಿ ಮಾಡುವಂಥದ್ದು. ಸಲೈನ್ ಹಾಕುವಾಗ ಬಳಸುವಂಥ ತೆಳುವಾದ, ಸೋಂಕುರಹಿತ ಪ್ಲಾಸ್ಟಿಕ್ ನಳಿಕೆಯನ್ನು ಉದ್ದಕ್ಕೆ ಸೀಳಿ ಉಗುರಿನ ಅಂಚಿಗೆ ಕವಚದಂತೆ ತೊಡಿಸುತ್ತಾರೆ. ಬೆರಳನ್ನು ಮರಗಟ್ಟಿಸುವ ಇಂಜೆಕ್ಷನ್ ಬೇಕಾಗಬಹುದು. ಚೂಪಾದ ಅಂಚು ಮುಚ್ಚಿಹೋಗುವುದರಿಂದ ನೋವು ಬೇಗ ಇಳಿಯುತ್ತದೆ. ಉಗುರು ಮುಂದಕ್ಕೆ ಬೆಳೆಯುವವರೆಗೆ, ಅಂದರೆ ಕೆಲವು ವಾರಗಳಿಂದ ತಿಂಗಳುಗಳವರೆಗೆ, ಇದನ್ನು ಇಟ್ಟುಕೊಳ್ಳಬೇಕು. ಹತ್ತಿ, ಟೇಪ್‌ನಿಂದ ಗುಣವಾಗದ ಎರಡನೇ ಹಂತದವರಿಗೆ ಇದು ಒಳ್ಳೆಯ ಆಯ್ಕೆ.

5. ಉಗುರಿನ ಬ್ರೇಸ್

ಹಲ್ಲು ನೇರ ಮಾಡಲು ತಂತಿ ಹಾಕುವಂತೆಯೇ ಉಗುರಿಗೂ ಸಣ್ಣ ಲೋಹದ ತಂತಿ ಅಥವಾ ಪ್ಲಾಸ್ಟಿಕ್ ಪಟ್ಟಿ ಕೂರಿಸುತ್ತಾರೆ. ಅದು ನಿಧಾನವಾಗಿ ಉಗುರಿನ ಅಂಚುಗಳನ್ನು ಮೇಲಕ್ಕೆ ಎತ್ತುತ್ತದೆ. ಸಾಮಾನ್ಯವಾಗಿ ಇಂಜೆಕ್ಷನ್ ಬೇಡ, ಶೂ ಹಾಕಬಹುದು, ಕೆಲಸಕ್ಕೆ ರಜೆಯೂ ಬೇಡ. ಉಗುರು ಎರಡೂ ಬದಿಯಿಂದ ಸುರುಳಿಯಂತೆ ಬಾಗಿರುವವರಿಗೆ ಹೆಚ್ಚು ಉಪಯುಕ್ತ. ಆದರೆ ಉಗುರು ಬೆಳೆದಂತೆ ಹಲವು ತಿಂಗಳು ಮರುಜೋಡಣೆ ಬೇಕು, ಖರ್ಚೂ ಹೆಚ್ಚು. ಈ ಸೌಲಭ್ಯ ಎಲ್ಲ ಕ್ಲಿನಿಕ್‌ಗಳಲ್ಲಿ ಸಿಗುವುದಿಲ್ಲ. ತೆಗೆದ ಮೇಲೆ ಉಗುರು ಮತ್ತೆ ಬಾಗುವ ಸಾಧ್ಯತೆಯೂ ಇದೆ.

6. ಮುಲಾಮು, ಮಾತ್ರೆ

ಊತ ಇಳಿಸಲು ವೈದ್ಯರು ಕೆಲವು ದಿನಗಳ ಮಟ್ಟಿಗೆ ಸ್ಟೀರಾಯ್ಡ್ ಮುಲಾಮು ಬರೆಯಬಹುದು. ಬೆಳೆದ ಕೆಂಪು ಮಾಂಸಕ್ಕೆ ಸಿಲ್ವರ್ ನೈಟ್ರೇಟ್ ಹಚ್ಚುವುದುಂಟು. ಆದರೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ, ಸ್ಟೀರಾಯ್ಡ್ ಬೆರೆತ ಕ್ರೀಮ್ ತಂದು ಹಚ್ಚಿಕೊಳ್ಳುವುದು ಅಪಾಯ. ಒಳಗೆ ಸೋಂಕು ಅಥವಾ ಫಂಗಸ್ ಇದ್ದರೆ ಅದು ಹೆಚ್ಚುತ್ತದೆ. ಆ್ಯಂಟಿಬಯಾಟಿಕ್ ಮಾತ್ರೆಯಿಂದ ಕೀವು ಕಡಿಮೆಯಾಗಬಹುದು, ಆದರೆ ಚುಚ್ಚುತ್ತಿರುವ ಉಗುರು ಅಲ್ಲೇ ಇರುತ್ತದೆ. ಮುಳ್ಳು ತೆಗೆಯದೆ ಗಾಯಕ್ಕೆ ಔಷಧ ಹಚ್ಚಿದಂತೆ. ಕೋರ್ಸ್ ಮುಗಿದ ಮೇಲೆ ನೋವು ಮರಳುವುದಕ್ಕೆ ಇದೇ ಕಾರಣ.

ಹಾಗಾದರೆ ಯಾವುದು ಮೇಲು?

ಕೀವಿಲ್ಲದ ಮೊದಲ ಹಂತಕ್ಕೆ ಬೆಚ್ಚಗಿನ ನೀರಿನ ಜೊತೆ ಹತ್ತಿ ಅಥವಾ ಟೇಪ್ ಸಾಕು. ಅಂಚು ಆಳಕ್ಕಿಳಿದು ಸೋರುತ್ತಿದ್ದರೆ ನಳಿಕೆ. ಉಗುರಿನ ಆಕಾರವೇ ಬಾಗಿದ್ದು, ಕಾಯುವ ತಾಳ್ಮೆ ಮತ್ತು ಖರ್ಚಿಗೆ ಹಣ ಇದ್ದರೆ ಬ್ರೇಸ್.

ತಾಳ್ಮೆಯ ಮಾತು ಸುಮ್ಮನೆ ಹೇಳಿದ್ದಲ್ಲ. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ನಾಲ್ಕು ದಿನ ಹತ್ತಿ ಇಟ್ಟು ನೋವು ಹೋಯಿತೆಂದು ಬಿಟ್ಟರೆ ಮೂಲೆ ಇನ್ನೂ ಚರ್ಮದೊಳಗೇ ಇರುತ್ತದೆ.

ಇನ್ನೊಂದು ಸತ್ಯವನ್ನೂ ಹೇಳಬೇಕು. ವಿವಿಧ ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಸಮಸ್ಯೆ ಮರುಕಳಿಸದಂತೆ ತಡೆಯುವಲ್ಲಿ ಶಸ್ತ್ರಚಿಕಿತ್ಸೆಯೇ ಇತರ ವಿಧಾನಗಳಿಗಿಂತ ಮುಂದಿದೆ. ಹಾಗಾಗಿ ಪದೇ ಪದೇ ಬರುತ್ತಿದ್ದರೆ ಆಪರೇಷನ್ನಿಗೆ ಹೆದರಿ ಕೂರುವುದು ಜಾಣತನವಲ್ಲ. ಈಗ ಸಾಮಾನ್ಯವಾಗಿ ಇಡೀ ಉಗುರು ಕೀಳುವುದಿಲ್ಲ. ಬೆರಳಿಗಷ್ಟೇ ಮರಗಟ್ಟಿಸಿ, ಚುಚ್ಚುವ ಬದಿಯ ಪಟ್ಟಿಯನ್ನು ತೆಗೆದು, ಆ ಭಾಗ ಮತ್ತೆ ಬೆಳೆಯದಂತೆ ಬುಡಕ್ಕೆ ಫಿನಾಲ್ ಎಂಬ ರಾಸಾಯನಿಕ ಹಚ್ಚುತ್ತಾರೆ. ಅದೇ ದಿನ ಮನೆಗೆ ಹೋಗಬಹುದು.

ಈ ತಪ್ಪು ಮಾಡಬೇಡಿ

* ನೋವು ತಾಳಲಾರದೆ ಬ್ಲೇಡ್, ಸೂಜಿ, ಪಿನ್‌ನಿಂದ ಮೂಲೆ ಬಗೆಯಬೇಡಿ. ಒಳಗೆ ಉಳಿಯುವ ಚೂರೇ ಮುಂದೆ ಮುಳ್ಳಾಗುತ್ತದೆ.
* ಉಗುರಿನ ಮಧ್ಯದಲ್ಲಿ 'ವಿ' ಆಕಾರಕ್ಕೆ ಕತ್ತರಿಸಿದರೆ ಬದಿಗಳು ಒಳಕ್ಕೆ ಸರಿಯುತ್ತವೆ ಎಂಬುದು ತಪ್ಪು ನಂಬಿಕೆ. ಉಗುರು ಬೆಳೆಯುವುದು ಬುಡದಿಂದ.
* ಉಗುರುಸುತ್ತಿಗೆ ಬೆರಳನ್ನು ನಿಂಬೆಹಣ್ಣಿನೊಳಗೆ ಸಿಕ್ಕಿಸುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಆದರೆ ಅದು ಚುಚ್ಚಿದ ಉಗುರನ್ನು ಎತ್ತುವುದಿಲ್ಲ, ಗಾಯವಿದ್ದರೆ ಉರಿ ಹೆಚ್ಚಿಸುತ್ತದೆ.

ಮಧುಮೇಹಿಗಳೇ, ಮನೆಮದ್ದು ಬೇಡ

ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಈ ಲೇಖನ ಕಳಿಸುವ ಮೊದಲು ಇದನ್ನು ಓದಿ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ಸ್ಪರ್ಶಜ್ಞಾನ ಮತ್ತು ರಕ್ತ ಸಂಚಾರ ಕುಗ್ಗಬಹುದು. ಆಗ ನೀರು ಎಷ್ಟು ಬಿಸಿ ಎಂಬುದು ಗೊತ್ತಾಗದೆ ಕಾಲು ಸುಟ್ಟುಕೊಳ್ಳುವವರಿದ್ದಾರೆ. ಉಗುರಿನ ಸಣ್ಣ ಗಾಯ ನೋವಿಲ್ಲದೆಯೇ ದೊಡ್ಡದಾಗಿ, ಬೆರಳು ಕಳೆದುಕೊಳ್ಳುವ ಹಂತಕ್ಕೂ ಹೋಗಬಹುದು. ಮಧುಮೇಹ, ಕಾಲಿನ ರಕ್ತನಾಳದ ತೊಂದರೆ ಅಥವಾ ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಮೊದಲ ಹಂತದಲ್ಲೇ ವೈದ್ಯರಿಗೆ ತೋರಿಸಬೇಕು.

ಉಳಿದವರು ಕೂಡ ಕೀವು, ಜ್ವರ, ಪಾದದ ಮೇಲಕ್ಕೆ ಹರಡುವ ಕೆಂಪು ಕಂಡರೆ, ಅಥವಾ ಒಂದೆರಡು ವಾರದ ಆರೈಕೆಯಲ್ಲಿ ನೋವು ಇಳಿಯದಿದ್ದರೆ ಕಾಯಬಾರದು. ಚರ್ಮರೋಗ ತಜ್ಞರು ಅಥವಾ ಜನರಲ್ ಸರ್ಜನ್ ಇಬ್ಬರೂ ಇದಕ್ಕೆ ಚಿಕಿತ್ಸೆ ಕೊಡುತ್ತಾರೆ. ಪುಣೆಯಲ್ಲಿ ಖಾಸಗಿ ಕ್ಲಿನಿಕ್ ದುಬಾರಿ ಎನಿಸಿದರೆ ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಬಹುದು.

ಮತ್ತೆ ಬರದಂತೆ ಏನು ಮಾಡಬೇಕು?

ಉಗುರನ್ನು ನೇರವಾಗಿ, ಬೆರಳ ತುದಿಯ ಮಟ್ಟಕ್ಕೆ ಕತ್ತರಿಸಿ. ಮೂಲೆ ಕಾಣುವಂತೆ ಬಿಡಿ. ಬೆರಳು ಆಡಿಸಲು ಜಾಗವಿರುವ ಶೂ ಕೊಳ್ಳಿ. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುವುದರಿಂದ ಆಗ ಅಳತೆ ನೋಡುವುದು ಒಳ್ಳೆಯದು. ಮಳೆಗಾಲದಲ್ಲಿ ಆಫೀಸಿನ ಬ್ಯಾಗಿನಲ್ಲಿ ಒಂದು ಜೊತೆ ಒಣ ಸಾಕ್ಸ್ ಇರಲಿ. ಟ್ರೆಕ್ಕಿಂಗ್ ಅಥವಾ ಪಾದಯಾತ್ರೆಗೆ ಹೊರಡುವ ಹಿಂದಿನ ರಾತ್ರಿ ಉಗುರು ತೀರಾ ಗಿಡ್ಡ ಮಾಡಬೇಡಿ.

(ಸೂಚನೆ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಚಿಕಿತ್ಸೆ ಆರಂಭಿಸುವ ಮುನ್ನ ವೈದ್ಯರ ಸಲಹೆ ಪಡೆಯಿರಿ.)