ಚುನಾವಣೆ ಬಂದ್ರೆ ಕೇಪಿನ ಕೋವಿ ಯಾಕೆ ಸ್ಟೇಷನ್ ಸೇರಬೇಕು?

ಚುನಾವಣೆ ಘೋಷಣೆಯಾದರೆ ಸಾಕು, ಮಲೆನಾಡು ಮತ್ತು ಕರಾವಳಿಯಿಂದ ಒಂದು ಸುದ್ದಿ ತಪ್ಪದೆ ಬರುತ್ತೆ: ಲೈಸೆನ್ಸ್ ಇರುವವರೆಲ್ಲ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು. ಅದರ ಬೆನ್ನಿಗೇ ರೈತರ ಆಕ್ಷೇಪ: ತೋಟಕ್ಕೆ ಹಂದಿ, ಮಂಗ ನುಗ್ಗಿದರೆ ಏನು ಮಾಡೋಣ?

ಬೆಂಗಳೂರಿನ ದೀಪಾಂಜಲಿ ನಗರದಂಥ ಕಡೆ ಕೂತು ಓದುವ ನಮಗೆ, ಎರಡು ತಿಂಗಳು ಬಂದೂಕು ಇಲ್ಲದಿದ್ರೆ ಏನು ಮಹಾ ಅನ್ನಿಸೋದು ಸಹಜ. ಬಂದೂಕು ಅಂದ್ರೆ ನಮ್ಮ ಕಣ್ಣಿಗೆ ಕಾಣೋದು ಸಿನಿಮಾ ಪಿಸ್ತೂಲು. ಆದರೆ ಬೆಳೆ ರಕ್ಷಣೆಗೆ ಅಂತ ರೈತರು ಇಟ್ಟುಕೊಂಡಿರುವ ಎಷ್ಟೋ ಕೋವಿಗಳು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗಳು. ಲೈಸೆನ್ಸ್ ಪುಸ್ತಕದಲ್ಲಿ ಇವು 'ಎಸ್‌ಬಿಎಂಎಲ್', ಅಂದರೆ ಒಂಟಿ ನಳಿಗೆಯ, ಬಾಯಿಂದ ತುಂಬುವ ಕೋವಿ. ತಂತ್ರಜ್ಞಾನ 19ನೇ ಶತಮಾನದ್ದು, ಕೋವಿ ಮಾತ್ರ ಹಳೇ ಮಾದರಿಯಲ್ಲೇ ಮಾಡಿದ ಹೊಸದು. ಇಂಗ್ಲೆಂಡ್, ಅಮೆರಿಕದಲ್ಲಿ ಹಳೇ ಮಸ್ಕೆಟ್‌ಗಳ ಪ್ರತಿಕೃತಿ ಕೊಂಡು ಹಾರಿಸೋದು ಒಂದು ಹವ್ಯಾಸ. ಇಲ್ಲಿ ಅದೇ ಬಗೆಯ ಕೋವಿ ಕತ್ತಿ, ಹಾರೆ ಥರ ಒಂದು ಸಾಮಾನು.

ಒಂದು ಈಡಿಗೆ ಎಷ್ಟು ಕೆಲಸ

ಇದರೊಳಗೆ ಹೋಗೋದು ಕರಿಮದ್ದು: ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ದೀಪಾವಳಿಯ ಎಷ್ಟೋ ಪಟಾಕಿಗಳಲ್ಲಿರೋದೂ ಹೆಚ್ಚುಕಮ್ಮಿ ಇದೇ.

ಮೊದಲು ಗಜವನ್ನು, ಅಂದರೆ ಉದ್ದನೆಯ ಕಡ್ಡಿಯನ್ನು, ನಳಿಗೆಗೆ ಇಳಿಸಿ ನೋಡಬೇಕು. ಅದು ತಳ ಮುಟ್ಟದೆ ಮೇಲೇ ನಿಂತರೆ ಒಳಗೆ ಹಳೇ ಈಡು ಇದೆ ಅಂತ ಅರ್ಥ. ಖಾಲಿ ಇದ್ದರೆ ಅಳತೆ ಮಾಡಿದ ಮದ್ದು, ಅದರ ಮೇಲೆ ಬಟ್ಟೆಯದ್ದೋ ನಾರಿನದ್ದೋ ಉಂಡೆ, ಆಮೇಲೆ ಚರೆ, ಮತ್ತೆ ಒಂದು ಉಂಡೆ. ಪ್ರತಿಯೊಂದನ್ನೂ ಗಜದಿಂದ ಒತ್ತಬೇಕು, ಮಧ್ಯೆ ಜಾಗ ಬಿಡುವಂತಿಲ್ಲ. ಕೇಪು ಹಾಕೋದು ಕಟ್ಟಕಡೆಗೆ, ಹೊಡೆಯುವ ಹೊತ್ತಿಗೆ. ಕುದುರೆ ಎಳೆದರೂ ಸಿಡಿಯಲಿಲ್ಲವೋ, ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು. ಬೆಂಕಿ ಕೆಲವೊಮ್ಮೆ ತಡವಾಗಿ ಮುಟ್ಟುತ್ತೆ.

ಇಷ್ಟಾದ ಮೇಲೆ ಒಂದೇ ಒಂದು ಈಡು. ಇನ್ನೊಂದಕ್ಕೆ ಮತ್ತೆ ಮೊದಲಿನಿಂದ. ಅದಕ್ಕೂ ಮುಂಚೆ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಬೇಕು. ಒಳಗೆ ಉಳಿದ ಒಂದು ಕಿಡಿ ಸಾಕು, ಹೊಸ ಮದ್ದು ಸುರಿಯುತ್ತಿರುವ ಕೈಯೇ ಹೋಗಬಹುದು. ಕರಿಮದ್ದಿನ ಬದಲು ಆಧುನಿಕ ತೋಟೆಯ ಮದ್ದು ತುಂಬಿದರಂತೂ ಆ ಒತ್ತಡಕ್ಕೆ ನಳಿಗೆಯೇ ಒಡೆದುಹೋಗಬಹುದು.

ಹೊಡೆದ ಮೇಲೆ ಅಸಲಿ ಕೆಲಸ

ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲ ಆಗೋದೇ ಇಲ್ಲ, ಗಟ್ಟಿ ಪದಾರ್ಥವಾಗಿ ಉಳಿಯುತ್ತೆ. ಒಂದಷ್ಟು ಹೊಗೆಯಾಗಿ ಹೊರಗೆ ಬರುತ್ತೆ, ಮಿಕ್ಕಿದ್ದು ನಳಿಗೆಗೆ ಮೆತ್ತಿಕೊಳ್ಳುತ್ತೆ. ಅದರಲ್ಲಿರೋದು ಪೊಟ್ಯಾಸಿಯಂ ಲವಣಗಳು. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆದ ಹಾಗೆ ಇದೂ ಗಾಳಿಯ ತೇವ ಹೀರುತ್ತೆ. ಕಬ್ಬಿಣದ ಮೇಲೆ ಒದ್ದೆ ಲವಣ ಕೂತರೆ ಏನಾಗುತ್ತೆ ಅಂತ ಹೇಳಬೇಕಾ?

ಬರೀ ಎಣ್ಣೆ ಹಾಕಿದರೆ ಪ್ರಯೋಜನ ಇಲ್ಲ, ಲವಣ ಎಣ್ಣೆಯಲ್ಲಿ ಕರಗಲ್ಲ. ಬೇಕಾಗಿರೋದು ಬಿಸಿನೀರು, ಸ್ವಲ್ಪ ಸೋಪು. ಕೇಪು ಕೂರುವ ಪುಟ್ಟ ಕೊಳವೆಯನ್ನು ಬಿಚ್ಚಿ ತೊಳೆದು, ಗಜಕ್ಕೆ ಸುತ್ತಿದ ಬಟ್ಟೆ ಬೆಳ್ಳಗೆ ಬರೋ ತನಕ ನಳಿಗೆ ಉಜ್ಜಬೇಕು. ಪೂರ್ತಿ ಒಣಗಿದ ಮೇಲೆ ತೆಳುವಾಗಿ ಎಣ್ಣೆ. ಇದನ್ನು ಅದೇ ದಿನ ಮಾಡಬೇಕು. ಬಿಟ್ಟರೆ ತುಕ್ಕು ನಳಿಗೆಯನ್ನು ತಿನ್ನುತ್ತೆ. ತುಕ್ಕು ತಿಂದ ನಳಿಗೆ ಹಂದಿಗಿಂತ ಹಿಡಿದವನಿಗೇ ಅಪಾಯ.

ಕಾನೂನಿಗೆ ಈ ವ್ಯತ್ಯಾಸ ಗೊತ್ತಿದೆ

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್, ಬೆಳೆ ರಕ್ಷಣೆ ಅಂದ ಕೂಡಲೇ ಬಾಯಿಂದ ತುಂಬುವ ಕೋವಿಯ ಹೆಸರನ್ನೇ ಹೇಳುತ್ತೆ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿ. ಅಂದರೆ ಕಾಯ್ದೆ ಬರೆದವರು ರೈತನಿಗೆ ಬೇಕಂತಲೇ ನಿಧಾನದ ಆಯುಧ ಕೊಟ್ಟರು. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಚುನಾವಣಾ ಆಯೋಗದ ಸೂಚನೆಯೂ ಎಲ್ಲರ ಕೋವಿ ಕಿತ್ತುಕೊಳ್ಳಿ ಅನ್ನಲ್ಲ. ಜಿಲ್ಲಾಧಿಕಾರಿ, ಎಸ್‌ಪಿ ಇರುವ ಸ್ಕ್ರೀನಿಂಗ್ ಸಮಿತಿ ಒಬ್ಬೊಬ್ಬ ಲೈಸೆನ್ಸುದಾರರನ್ನೂ ಪರಿಶೀಲಿಸಬೇಕು: ಜಾಮೀನಿನ ಮೇಲೆ ಹೊರಗಿದ್ದಾರಾ, ಕ್ರಿಮಿನಲ್ ಹಿನ್ನೆಲೆ ಇದೆಯಾ, ಗಲಭೆಯಲ್ಲಿ ಭಾಗಿಯಾಗಿದ್ದರಾ? ಆದರೆ ಪರಿಶೀಲನೆ ಕಷ್ಟ, ಸಾರಾಸಗಟು ಆದೇಶ ಸುಲಭ. 2024ರ ಲೋಕಸಭಾ ಚುನಾವಣೆಯಲ್ಲಿ ಮಾರ್ಚ್ 16ರ ಘೋಷಣೆಯಿಂದ ಜೂನ್ 4ರ ಎಣಿಕೆಗೆ 80 ದಿನ. ಅಷ್ಟರಲ್ಲಿ ಮುಂಗಾರೂ ಬಾಗಿಲಿಗೆ ಬಂದಿರುತ್ತೆ.

ಹಾಗಂತ ನಿಯಂತ್ರಣವೇ ಬೇಡ ಅನ್ನೋದು ನನ್ನ ವಾದ ಅಲ್ಲ. ಒಂದೇ ಈಡು ಒಬ್ಬನನ್ನು ಕೊಲ್ಲಲು ಸಾಕು. ಹಂದಿ ಹೊಡೆಯೋಕೆ ಕೋವಿ ಲೈಸೆನ್ಸ್ ಒಂದೇ ಸಾಲದು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಲಿಖಿತ ಅನುಮತಿ ಬೇಕು. ಲೈಸೆನ್ಸ್ ಇಲ್ಲದ ನಾಡಕೋವಿಗಳಂತೂ ಠೇವಣಿಗೆ ಬರೋದೇ ಇಲ್ಲ. ಠಾಣೆಗೆ ಬರೋದು ಕಾನೂನು ಪಾಲಿಸುವವರ ಕೋವಿ ಮಾತ್ರ.

ಕೇಳಬೇಕಾದ್ದು ಇಷ್ಟೇ. ಸಮಿತಿ ನಿಜಕ್ಕೂ ಸಭೆ ಸೇರಲಿ. ಠೇವಣಿ ಇಡಿ ಅಂದರೆ ಕಾರಣ ಬರೆದು ಕೊಡಲಿ. ಕೋವಿ ತೊಳೆದು ಒಣಗಿಸಿ ತರಲು ಸಮಯ ಕೊಡಲಿ, ಅದನ್ನು ತೇವ ಇಲ್ಲದ ಕಡೆ ಇಡಲಿ. ಮುಂದಿನ ಸಲ ಈ ಸುದ್ದಿ ಬಂದಾಗ ನಿಮ್ಮ ಜಿಲ್ಲೆಯ ಸಮಿತಿ ಎಷ್ಟು ಜನರ ಹಿನ್ನೆಲೆ ನೋಡಿತು ಅಂತ ಆರ್‌ಟಿಐ ಹಾಕಿ ಕೇಳಿ.