57 ಸುರಂಗಗಳ ದಾರಿ

ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ಪ್ರವಾಸದ ಚಿತ್ರಗಳಿಗೇನೂ ಕೊರತೆಯಿಲ್ಲ. ಬೇಲೂರಿನಲ್ಲಿ ನಾನೂ ಚಿಕ್ಕ ಮಗನೂ, ಮೈಸೂರಿನ ಮೃಗಾಲಯದಲ್ಲಿ ಅವನೂ ಅವನ ತಾಯಿಯೂ, ಅಣ್ಣನ ಮಗಳ ಮದುವೆಯಲ್ಲಿ ನಾನೊಬ್ಬನೇ. ಆದರೆ ಊರಾಚೆ ನಾಲ್ವರೂ ಒಟ್ಟಿಗೆ ನಿಂತ ಚಿತ್ರ 2023ರ ಅಕ್ಟೋಬರ್‌ವರೆಗೆ ಒಂದೂ ಇರಲಿಲ್ಲ. ಯಾರಾದರೊಬ್ಬರು ದೊಡ್ಡವನೊಂದಿಗೆ ಮನೆಯಲ್ಲಿ ಉಳಿಯಲೇಬೇಕಿತ್ತು. ಸಹೋದ್ಯೋಗಿಗಳು ರಜೆ ಪ್ರಯಾಣ ರಿಯಾಯಿತಿಯಲ್ಲಿ ಅಂಡಮಾನ್, ಕಾಶ್ಮೀರ ಸುತ್ತಿ ಬಂದು ಬಿಲ್ಲು ಸಲ್ಲಿಸುತ್ತಿದ್ದರೆ ನನ್ನ ಪಾಲಿನ ನಾಲ್ಕು ವರ್ಷಗಳ ಅವಧಿ ಎರಡು ಬಾರಿ ಹಾಗೆಯೇ ಕಳೆದುಹೋಯಿತು. ಕೇಳಿದವರಿಗೆ ‘ಮಕ್ಕಳ ಪರೀಕ್ಷೆ’ ಎನ್ನುತ್ತಿದ್ದೆ. ವರ್ಷವಿಡೀ ಪರೀಕ್ಷೆ ನಡೆಸುವ ಶಾಲೆ ಯಾವುದೆಂದು ಯಾರೂ ಕೇಳಲಿಲ್ಲ. ಅದು ಅವರ ಸೌಜನ್ಯ.

ನಮ್ಮ ಇಬ್ಬರು ಗಂಡುಮಕ್ಕಳಿಗೂ ಆಟಿಸಂ ಇದೆ. ಒಂದು ಮಗುವಿಗೆ ಇದ್ದರೆ ಅದರ ಬೆನ್ನಿಗೆ ಹುಟ್ಟುವ ಮಗುವಿಗೂ ಇರುವ ಸಂಭವ ಸುಮಾರು ಐದರಲ್ಲಿ ಒಂದು ಎಂದು ವೈದ್ಯಕೀಯ ಅಧ್ಯಯನಗಳು ಹೇಳುತ್ತವೆ. ನಾವು ಆ ಒಂದರ ಪಾಲಿಗೆ ಬಂದೆವು. ಹೆಸರು ಒಂದೇ ಆದರೂ ಅಣ್ಣತಮ್ಮಂದಿರು ಉತ್ತರ ದಕ್ಷಿಣ. ಆಗ 13 ವರ್ಷದವನಾಗಿದ್ದ ದೊಡ್ಡವನು ಮಾತನಾಡುವುದಿಲ್ಲ; ಬೇಕಾದುದನ್ನು ಚಿತ್ರ ತೋರಿಸಿ ಕೇಳುತ್ತಾನೆ. ಕುಕ್ಕರಿನ ಸೀಟಿ, ಮಿಕ್ಸಿ, ಪಕ್ಕದ ಮನೆಯ ನಾಯಿ, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಎಲ್ಲವೂ ಅವನ ಕಿವಿಗೆ ಒಂದೇ ಅಳತೆಯಲ್ಲಿ ಅಪ್ಪಳಿಸುತ್ತವೆ. 9 ವರ್ಷದ ಚಿಕ್ಕವನಿಗೆ ಮಾತು ನಿಲ್ಲುವುದೇ ಇಲ್ಲ. ಆದರೆ ಅದೆಲ್ಲ ರೈಲಿನ ಮಾತು. ನೆಂಟರ ಮನೆಯಲ್ಲಿ ‘ಊಟ ಆಯ್ತೇನೋ ಮರಿ?’ ಎಂದು ಕೇಳಿದರೆ ಅರಸೀಕೆರೆಗೆ ಯಾವ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಉತ್ತರ ಸಿಗುತ್ತದೆ.

ಆಟಿಸಂಗೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪದ ಚಾಲ್ತಿಯಲ್ಲಿದೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯುಜೆನ್ ಬ್ಲಾಯ್ಲರ್ ಕಳೆದ ಶತಮಾನದ ಆರಂಭದಲ್ಲಿ, ‘ತಾನು’ ಎಂಬರ್ಥದ ಗ್ರೀಕ್ ಮೂಲದಿಂದ ಕಟ್ಟಿದ ಶಬ್ದದ ಜಾಡಿನಲ್ಲೇ ಬಂದ ಪದವಿದು. ಇದರ ಬಗ್ಗೆ ನನಗೊಂದು ತಕರಾರಿದೆ. ತನ್ನಲ್ಲೇ ಲೀನನಾದವನಿಗೆ ಹೊರಗಿನ ಗದ್ದಲ ತಟ್ಟಬಾರದು. ನನ್ನ ಮಗನಿಗೆ ತಟ್ಟುವುದೆಲ್ಲ ಹೊರಗಿನದೇ. ಅದು ಸೋಸದೆ, ಒಮ್ಮೆಗೇ ಒಳನುಗ್ಗುತ್ತದೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಬರೆದ ಹೆಸರಾಂತ ಪ್ರಬಂಧದಲ್ಲಿ ಇನ್ನೊಂದು ಲಕ್ಷಣವನ್ನು ಒತ್ತಿ ಹೇಳಿದ್ದರು: ಸುತ್ತಲಿನದೆಲ್ಲ ಇದ್ದ ಹಾಗೆಯೇ ಇರಬೇಕೆಂಬ, ಕಳವಳ ತುಂಬಿದ ಹಟ. ಅದೇ ತಟ್ಟೆ, ಅದೇ ದಾರಿ, ಅದೇ ಹೊತ್ತು. ರಜೆಯ ಪ್ರವಾಸವೆಂದರೆ ಇವೆಲ್ಲ ನಾಲ್ಕು ದಿನವಾದರೂ ಬದಲಾಗಲಿ ಎಂದು ಕೈಯಿಂದ ದುಡ್ಡು ಕೊಟ್ಟು ಹೋಗುವುದಲ್ಲವೇ?

ಹಾಗಾದರೆ ಹೊರಟದ್ದೇಕೆ? ಆ ವರ್ಷ ನಾನು ಎಂದಿನಂತೆ ಚಿಕ್ಕವನನ್ನು ಕರೆದುಕೊಂಡು ಎರಡು ದಿನ ಎಲ್ಲಾದರೂ ಹೋಗಿಬರುವ ಮಾತೆತ್ತಿದಾಗ ನನ್ನ ಹೆಂಡತಿ, ‘ದೊಡ್ಡವನಿಗೆ ಗದ್ದಲ ಆಗೋದಿಲ್ಲ ಅಂತ ಬಿಟ್ಟು ಹೋಗ್ತೀರೋ, ನಿಮಗೆ ಜನ ನೋಡೋದು ಆಗೋದಿಲ್ಲ ಅಂತಲೋ?’ ಎಂದು ಕೇಳಿದಳು. ಉತ್ತರ ಇಬ್ಬರಿಗೂ ಗೊತ್ತಿತ್ತು.

ಊರನ್ನು ಆರಿಸಿದ್ದು ಚಿಕ್ಕವನು. ಗಾಡಿ ಮುಂದೆ ಹೋಗುವಾಗ ನಾವು ನಡುದಾರಿಯಲ್ಲಿ ಇಳಿಯುವುದು ಅವನಿಗೆ ಸರಿಬರುವುದಿಲ್ಲ. ಆದ್ದರಿಂದ ಕೊನೆಯ ನಿಲ್ದಾಣಕ್ಕೇ ಹೋಗಬೇಕು. ಯಶವಂತಪುರದಿಂದ ಹಗಲು ಹೊರಡುವ ಕಾರವಾರ ಎಕ್ಸ್‌ಪ್ರೆಸ್ಸಿಗೆ ಆಗ ಕಾರವಾರವೇ ಕೊನೆ. ಆಕ್ಷೇಪಿಸಲು ಕಾರಣವಿರಲಿಲ್ಲ. ಸಮುದ್ರವಿದೆ, ಗೋಕರ್ಣದಷ್ಟು ಜನಜಂಗುಳಿಯಿಲ್ಲ. ಇದ್ದ ತೊಡಕು ಒಂದೇ, ದಾರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗಗಳಿವೆ. ಚಿಕ್ಕವನಿಗೆ ಅದೇ ಸ್ವರ್ಗ; ದೊಡ್ಡವನಿಗೆ ಏನಾಗುವುದೋ ತಿಳಿಯದು.

ಸಿದ್ಧತೆಗೆ ಎರಡು ತಿಂಗಳು ಹಿಡಿಯಿತು. ಹಳೆಯ ಡೈರಿಯೊಂದರಲ್ಲಿ ಪುಟಕ್ಕೊಂದು ಚಿತ್ರ ಅಂಟಿಸಿದೆವು. ನಿಲ್ದಾಣ, ಬೋಗಿ, ಕಿಟಕಿ, ಬೋಗಿಯ ಶೌಚಾಲಯ, ಕತ್ತಲೆಯ ಸುರಂಗ, ಕಡಲು, ವಸತಿಗೃಹದ ಕೋಣೆ. ಕೊನೆಯ ಪುಟದಲ್ಲಿ ನಮ್ಮ ಮನೆಯ ಗೇಟು. ಆ ಪುಟ ಬಹಳ ಮುಖ್ಯವೆಂದು ಚಿಕಿತ್ಸಕಿ ಹೇಳಿದ್ದರು. ಹಿಂದಿರುಗುವ ಖಾತ್ರಿಯಿಲ್ಲದೆ ಹೊರಡುವುದು ನಮಗಾದರೂ ಸುಲಭವೇ? ಭಾನುವಾರಗಳಂದು ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು ಯಶವಂತಪುರದ ಬೆಂಚಿನ ಮೇಲೆ ಕುಳಿತು ಬಂದೆವು: ಮೊದಲ ವಾರ ಐದು ನಿಮಿಷ, ಕೊನೆಯ ವಾರ ಮುಕ್ಕಾಲು ಗಂಟೆ. ಕಾರ್ಖಾನೆಯ ಕೆಲಸಗಾರರು ಹಾಕಿಕೊಳ್ಳುವಂಥ ಕಿವಿಗವಸು ಕೊಂಡೆವು. ಸುರಂಗದೊಳಗೆ ಓಡುವ ರೈಲಿನ ಸದ್ದನ್ನು ಮೊಬೈಲಿನಲ್ಲಿ ಸಣ್ಣಗೆ ಕೇಳಿಸಿ ದಿನಕ್ಕಿಷ್ಟು ಏರಿಸುತ್ತ ಹೋದೆವು. ಅವನ ಸ್ಟೀಲ್ ತಟ್ಟೆ, ಅವನ ಹೊದಿಕೆ, ಎರಡು ಹೊತ್ತಿನ ಮೊಸರನ್ನ ಚೀಲ ಸೇರಿದವು. ಬಾಗಿಲ ಚಿಲಕಕ್ಕೆ ಹಾಕಲು ಮನೆಯಿಂದಲೇ ಒಂದು ಬೀಗವನ್ನೂ ತೆಗೆದುಕೊಂಡೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ವಸತಿಗೃಹ ಸಿಗುವುದು ಇಷ್ಟು ಸುಲಭವಾಗಲಿಲ್ಲ. ಮೊದಲು ಕಾದಿರಿಸಿದಲ್ಲಿಗೆ ಫೋನು ಮಾಡಿ, ಮಗ ಒಮ್ಮೊಮ್ಮೆ ಜೋರಾಗಿ ಕೂಗುತ್ತಾನೆ, ನೆಲಮಹಡಿಯ ಮೂಲೆಯ ಕೋಣೆ ಕೊಡಿ ಎಂದು ಕೇಳಿಕೊಂಡೆ. ‘ಬೇರೆ ಗೆಸ್ಟುಗಳಿಗೆ ತೊಂದರೆ ಆಗ್ತದೆ ಸಾರ್’ ಎಂದು ವ್ಯವಸ್ಥಾಪಕರು ಮುಂಗಡ ಹಿಂತಿರುಗಿಸಿದರು. ಎರಡನೆಯ ಕಡೆ ಒಪ್ಪಿದರು. ಹೇಳದೆಯೇ ಹೋಗಿಬಿಡಬಹುದಿತ್ತು ಎಂದು ಗೆಳೆಯರೊಬ್ಬರು ಬುದ್ಧಿ ಹೇಳಿದರು. ಹೇಳಿದರೆ ಬಾಗಿಲು ಮುಚ್ಚುತ್ತದೆ, ಹೇಳದಿದ್ದರೆ ಹೋದ ಮೇಲೆ ತಪ್ಪಿತಸ್ಥರಾಗುತ್ತೇವೆ.

ಸಕಲೇಶಪುರದವರೆಗೆ ಎಲ್ಲವೂ ಡೈರಿಯಲ್ಲಿದ್ದಂತೆಯೇ ನಡೆಯಿತು. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯಲ್ಲಿ ಕತ್ತಲೆ ಬೆಳಕು ಫಕ್ಕನೆ ಬದಲಾಗುವುದು ದೊಡ್ಡವನಿಗೆ ಆಗದೆಂದು ನಾವು ಸಾಮಾನ್ಯ ಕುರ್ಚಿ ಬೋಗಿಯಲ್ಲಿದ್ದೆವು. ಕಿವಿಗವಸು ಹಾಕಿಕೊಂಡು ಅವನು ಕಿಟಕಿಯ ಸರಳನ್ನು ಹಿಡಿದು ಕುಳಿತಿದ್ದ. ಮೊದಲ ಸುರಂಗ ಬಂತು. ನಾವು ಎರಡು ತಿಂಗಳು ಅಭ್ಯಾಸ ಮಾಡಿಸಿದ್ದು ರೈಲಿನ ಸದ್ದನ್ನು. ಬಾಗಿಲಲ್ಲಿ ನಿಂತಿದ್ದ ಏಳೆಂಟು ಹುಡುಗರು ಕತ್ತಲಾದೊಡನೆ ‘ಹೋ’ ಎಂದು ಕಿರಿಚುತ್ತಾರೆಂಬುದು ನಮ್ಮ ಲೆಕ್ಕದಲ್ಲಿರಲಿಲ್ಲ. ಈ ದಾರಿಯಲ್ಲಿ ಅದೊಂದು ಸಂಪ್ರದಾಯ. ಕಾಲೇಜಿನ ದಿನಗಳಲ್ಲಿ ನಾನೂ ಹಾಗೆ ಕಿರಿಚಿದವನೇ. ಬೆಳಕಿಗೆ ಬರುವಷ್ಟರಲ್ಲಿ ದೊಡ್ಡವನು ತನ್ನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿಕೊಂಡು ತಲೆಯನ್ನು ಸರಳಿಗೆ ಚಚ್ಚಿಕೊಳ್ಳುತ್ತಿದ್ದ. ಅವನನ್ನು ಹಿಡಿಯಲು ನನಗೂ ಅವಳಿಗೂ ನಾಲ್ಕು ಕೈ ಸಾಲದಾದವು.

ಬೋಗಿಯೆಲ್ಲ ಎದ್ದು ನೋಡಿತು. ಒಬ್ಬರು, ‘ಇಷ್ಟು ದೊಡ್ಡ ಹುಡುಗನಿಗೆ ಸ್ವಲ್ಪ ಶಿಸ್ತು ಕಲಿಸಬಾರದೇನ್ರೀ?’ ಎಂದರು. ಎದುರಿನ ಹಿರಿಯ ಮಹಿಳೆ ನಿಜವಾದ ಮರುಕದಿಂದಲೇ, ಸುಬ್ರಹ್ಮಣ್ಯ ಇಲ್ಲೇ ಬರುತ್ತದೆ, ಇಳಿದು ಆಶ್ಲೇಷಾ ಬಲಿ ಮಾಡಿಸಿ ಎಂದರು. ಅದನ್ನು ನಾವು ಎರಡು ಸಲ ಮಾಡಿಸಿದ್ದೇವೆಂದು ಅವರಿಗೆ ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ. ನನ್ನ ಹೆಂಡತಿ ಬಾಗಿಲಿಗೆ ಹೋಗಿ ಹುಡುಗರೊಡನೆ ಏನೋ ಮಾತನಾಡಿ ಬಂದಳು. ಎರಡನೆಯ ಸುರಂಗದಲ್ಲಿ ಕೂಗು ಕಡಿಮೆಯಾಯಿತು, ನಾಲ್ಕನೆಯದರಲ್ಲಿ ನಿಂತಿತು. ಆಮೇಲೆ ಅವರಲ್ಲೊಬ್ಬ ಬಂದು, ಗದ್ದಲದಲ್ಲಿ ಎಣಿಕೆ ತಪ್ಪಿ ಅಳುತ್ತಿದ್ದ ಚಿಕ್ಕವನ ಪಕ್ಕ ಕುಳಿತು, ಪತ್ರಿಕೆಯ ಅಂಚಿನಲ್ಲಿ ಸುರಂಗಕ್ಕೊಂದರಂತೆ ಗೆರೆ ಎಳೆಯತೊಡಗಿದ. ಸುಬ್ರಹ್ಮಣ್ಯ ರೋಡ್ ಬಂದಾಗ ಗೆರೆಗಳು 55 ಇದ್ದವು. ಚಿಕ್ಕವನು ಇದನ್ನು ಒಪ್ಪಲು ಸಿದ್ಧನಿರಲಿಲ್ಲ. ಉಡುಪಿಯವರೆಗೂ ಆ ಹುಡುಗನಿಗೆ ಬಿಡುವು ಕೊಡಲಿಲ್ಲ.

ಆ ದಿನ ಬೋಗಿಯಲ್ಲಿ ಗಾಲಿಕುರ್ಚಿಯ ಮಗುವೊಂದಿದ್ದರೆ ಅದೇ ಜನ ಎದ್ದು ಜಾಗ ಕೊಡುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆಟಿಸಂ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಕೂಗು, ಕೊಸರಾಟ, ಹೆತ್ತವರ ಬೆವರು. ಕಾನೂನಿಗೂ ಇದು ಕಾಣಲು ಕಾಲ ಹಿಡಿಯಿತು. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ಕಾಯ್ದೆಯ 21 ವರ್ಗಗಳಲ್ಲಿ ಅದಕ್ಕೂ ಸ್ಥಾನ ದೊರೆಯಿತು. 2022ರ ಮೇ ತಿಂಗಳಲ್ಲಿ ರಾಂಚಿಯ ವಿಮಾನ ನಿಲ್ದಾಣದಲ್ಲಿ, ಗಾಬರಿಗೊಂಡಿದ್ದಾನೆಂಬ ಕಾರಣಕ್ಕೆ ವಿಶೇಷ ಅಗತ್ಯಗಳುಳ್ಳ ಬಾಲಕನೊಬ್ಬನನ್ನು ವಿಮಾನ ಹತ್ತಿಸಿಕೊಳ್ಳಲಿಲ್ಲ. ಸಹಪ್ರಯಾಣಿಕರು ಕುಟುಂಬದ ಪರ ನಿಂತರು, ಸುದ್ದಿ ದೇಶದ ತುಂಬ ಹರಡಿತು, ನಾಗರಿಕ ವಿಮಾನಯಾನ ನಿರ್ದೇಶನಾಲಯ ವಿಮಾನ ಸಂಸ್ಥೆಗೆ ₹5 ಲಕ್ಷ ದಂಡ ಹಾಕಿತು. ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ನಿರಾಕರಿಸುವಂತಿಲ್ಲ, ಪ್ರಯಾಣದಲ್ಲಿ ಆರೋಗ್ಯ ಕೆಡಬಹುದೆಂಬ ಶಂಕೆಯಿದ್ದರೆ ವೈದ್ಯರೇ ಖುದ್ದಾಗಿ ಪರೀಕ್ಷಿಸಬೇಕು ಎಂದು ಜುಲೈಯಲ್ಲಿ ನಿಯಮ ತಿದ್ದುಪಡಿಯಾಯಿತು.

ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣದಲ್ಲಿ 2016ರಲ್ಲಿ ಆರಂಭವಾದ ಒಂದು ಪದ್ಧತಿಯಿದೆ. ಕಣ್ಣಿಗೆ ಕಾಣದ ತೊಂದರೆ ಇರುವವರು ಸೂರ್ಯಕಾಂತಿ ಹೂವಿನ ಚಿತ್ರವಿರುವ ಹಸಿರು ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆ. ಸಿಬ್ಬಂದಿ ಅದನ್ನು ನೋಡಿ ತಾಳ್ಮೆಯಿಂದ ನಡೆದುಕೊಳ್ಳುತ್ತಾರೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೂ ಇದನ್ನು ಅಳವಡಿಸಿಕೊಂಡಿದೆ. ಒಳ್ಳೆಯದೇ. ಆದರೆ ನಮ್ಮಂಥ ಬಹುಪಾಲು ಸಂಸಾರಗಳು ಓಡಾಡುವುದು ರೈಲಿನಲ್ಲಿ, ಕೆಂಪು ಬಸ್ಸಿನಲ್ಲಿ. ಮಗನ ಕೊರಳಿಗೆ ಗುರುತು ಕಟ್ಟುವುದೆಂದರೆ ನನಗೆ ಈಗಲೂ ಮನಸ್ಸು ಹಿಂಜರಿಯುತ್ತದೆ. ಮುಂಗೈಗೆ ಬಟ್ಟೆ ಸುತ್ತಿಸಿಕೊಂಡು ಕುಳಿತ ಅವನನ್ನು ನೋಡುತ್ತ, ಆ ಹೂವಿದ್ದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತ್ತು.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ದೊಡ್ಡವನು ಮೊದಲ ದಿನ, ಅಲೆ ಬಂದು ಮುಟ್ಟಿ ಹಿಂದಿರುಗುವ ಗೆರೆಯ ಮೇಲೆ ಎರಡು ಗಂಟೆ ಕುಳಿತ. ಕಿವಿಗವಸನ್ನು ತಾನೇ ತೆಗೆದಿಟ್ಟಿದ್ದ. ಕಡಲಿನ ಸದ್ದು ಕುಕ್ಕರಿಗಿಂತ ದೊಡ್ಡದು; ಆದರೆ ಮುಂದಿನ ಅಲೆಯೂ ಹೀಗೆಯೇ ಬರುತ್ತದೆಂದು ಅವನಿಗೆ ತಿಳಿದಿತ್ತೋ ಏನೋ. ತುಸು ದೂರದಲ್ಲಿ ಮೀನುಗಾರರು ರಂಪಣಿ ಬಲೆ ಎಳೆಯುತ್ತಿದ್ದರು. ದೊಡ್ಡವನು ಎದ್ದು ಹೋಗಿ ಸಾಲಿನ ಕೊನೆಯಲ್ಲಿ ಹಗ್ಗ ಹಿಡಿದ. ನಾನು ಕ್ಷಮೆ ಕೇಳಲು ಓಡಿದೆ. ಮುಂದಿದ್ದ ಹಿರಿಯರು ತಿರುಗಿ ನೋಡಿ, ‘ಎಳೀಲಿ ಬಿಡಿ, ಕೈಯಲ್ಲಿ ಬಲ ಉಂಟು’ ಎಂದರು. ಮೈಗೆ ಭಾರ ಬೀಳುವ ಕೆಲಸ ಇಂಥ ಮಕ್ಕಳನ್ನು ಶಾಂತಗೊಳಿಸುತ್ತದೆ ಎಂದು ಚಿಕಿತ್ಸಕಿ ನೀರಿನ ಬಕೆಟ್ ಹೊರಿಸುತ್ತಿದ್ದುದು ನೆನಪಾಯಿತು. ಬಲೆ ದಡಕ್ಕೆ ಬರುವವರೆಗೂ ಅವನು ಎಳೆದ. ಅವನ ಹೆಸರೇನು, ಮಾತು ಯಾಕಿಲ್ಲ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಆಲ್ಬಮ್ಮಿನ ಚಿತ್ರ ಅಂದು ಸಂಜೆ ತೆಗೆದದ್ದು.

ಇನ್ನು ಬೀಗದ ವಿಷಯ. ಆ ರಾತ್ರಿ ಸಂತೋಷದ ಮೈಮರೆವಿನಲ್ಲಿ ನಾನು ಅದನ್ನು ಹಾಕಲಿಲ್ಲ. ಬೆಳಗಿನ ಐದೂವರೆಗೆ ಎಚ್ಚರವಾದಾಗ ಬಾಗಿಲು ತೆರೆದಿತ್ತು, ಅವನ ಹಾಸಿಗೆ ಖಾಲಿಯಿತ್ತು. ಆಟಿಸಂ ಇರುವ ಮಕ್ಕಳು ಹೇಳದೆ ಹೊರಟುಬಿಡುವುದುಂಟು, ನೀರು ಅವರನ್ನು ಸೆಳೆಯುತ್ತದೆ, ಹಾಗೆ ಹೋದವರ ಸಾವಿಗೆ ಮುಖ್ಯ ಕಾರಣ ಮುಳುಗುವುದು. ಇದನ್ನೆಲ್ಲ ನಾನು ಓದಿದ್ದೆ; ಓದಿದ್ದರಿಂದಲೇ ಬೀಗ ತಂದಿದ್ದೆ. ನಾನು ಹೆದ್ದಾರಿಯ ಕಡೆಗೆ ಓಡಿದೆ, ಅವಳು ಚಿಕ್ಕವನನ್ನು ಎಳೆದುಕೊಂಡು ಕಡಲಿನ ಕಡೆಗೆ. ಮಾತಿಲ್ಲದ ಮಗುವನ್ನು ಹೆಸರು ಹಿಡಿದು ಕೂಗಿ ಪ್ರಯೋಜನವಿಲ್ಲ. ಆದರೂ ಕೂಗಿದೆ. ಹತ್ತು ನಿಮಿಷದ ಮೇಲೆ ಅವಳ ಫೋನು ಬಂತು. ಹಿಂದಿನ ದಿನ ಹಗ್ಗ ಹಿಡಿದಿದ್ದ ಜಾಗದಲ್ಲೇ ಅವನು ನಿಂತಿದ್ದ. ಅದೇ ಹಿರಿಯರು ದೋಣಿಯ ಬದಿಯಲ್ಲಿ ಬೀಡಿ ಸೇದುತ್ತ ಇನ್ನೊಂದು ಕೈಯಲ್ಲಿ ಅವನ ಅಂಗಿಯ ತುದಿಯನ್ನು ಹಿಡಿದುಕೊಂಡಿದ್ದರು. ಮಧ್ಯಾಹ್ನದವರೆಗೂ ನನ್ನ ಹೆಂಡತಿ ನನ್ನೊಡನೆ ಮಾತನಾಡಲಿಲ್ಲ. ಆಮೇಲೆ, ‘ನಾಳೆ ಬೆಳಿಗ್ಗೆ ಐದಕ್ಕೇ ಕರೆದುಕೊಂಡು ಹೋಗೋಣ, ಅವನಿಗೆ ಅದೇ ಹೊತ್ತು ಬೇಕಾಗ್ತದೆ’ ಎಂದಳು. ಹಾಗೆಯೇ ಮಾಡಿದೆವು.

ಮರಳುವಾಗ ಡೈರಿಯ ಕೊನೆಯ ಪುಟವನ್ನು ದೊಡ್ಡವನು ತೊಡೆಯ ಮೇಲೆ ತೆರೆದಿಟ್ಟುಕೊಂಡೇ ಕುಳಿತಿದ್ದ. ಸುಬ್ರಹ್ಮಣ್ಯ ರೋಡ್‌ನಲ್ಲಿ ಗಾಡಿ ಬಹಳ ಹೊತ್ತು ನಿಂತು, ಮೆಲ್ಲಗೆ ಕದಲಿತು. ಸುರಂಗ ಇನ್ನೂ ಕಂಡಿರಲಿಲ್ಲ. ಅವನು ಚೀಲದಿಂದ ಕಿವಿಗವಸು ತೆಗೆದು, ತಾನು ಹಾಕಿಕೊಂಡು, ನನ್ನ ಎರಡೂ ಕೈಗಳನ್ನೆಳೆದು ಅದರ ಮೇಲೆ ಒತ್ತಿಟ್ಟುಕೊಂಡ. ಆದ್ದರಿಂದ ಈ ಸಲ ಗೆರೆ ಎಳೆಯುವ ಕೆಲಸ ಅವನ ತಾಯಿಯದಾಯಿತು. ಸಕಲೇಶಪುರ ತಲುಪಿದಾಗ ಲೆಕ್ಕ 56 ಬಂತು. ಮತ್ತೊಮ್ಮೆ ಹೋಗಲೇಬೇಕೆಂದು ಚಿಕ್ಕವನು ಅಂದೇ ತೀರ್ಮಾನಿಸಿದ್ದಾನೆ.